ಮೀನಖಂಡದ ಮೇಲಿನ ‘ಎ’

ಬೆಳಗಿನ ಐದೂವರೆ. ಕ್ಯಾಲಿಫೋರ್ನಿಯಾದ ಗರ್ನ್‌ವಿಲ್ ಎಂಬ ಪುಟ್ಟ ಊರಿನ ಜಾನ್ಸನ್ಸ್ ಬೀಚ್. ಹೆಸರು ಬೀಚ್ ಎಂದಿದ್ದರೂ ಅದು ರಷ್ಯನ್ ನದಿಯ ದಂಡೆ. ನೀರಿನ ಮೇಲೆ ಮಂಜು ಹಾಸಿಕೊಂಡಿತ್ತು. ಸಾಲಿನಲ್ಲಿ ನಿಂತವರ ತೋಳಿಗೆ, ಕಾಲಿಗೆ ಸ್ವಯಂಸೇವಕಿಯೊಬ್ಬಳು ಕಪ್ಪು ಮಾರ್ಕರ್ ಹಿಡಿದು ಬರೆಯುತ್ತಿದ್ದಳು. ಕಾಲೇಜು ಓದುವ ವಯಸ್ಸಿನ ಹುಡುಗಿ. ನನ್ನ ಎಡಗಾಲಿನ ಮೀನಖಂಡದ ಮೇಲೆ ವಯಸ್ಸು 43 ಎಂದು ಬರೆದು, ಕೈಲಿದ್ದ ಪಟ್ಟಿ ನೋಡಿ, ‘ನೀವು ಅಥೀನಾ ಅಲ್ಲವಾ?’ ಎಂದು ಕೇಳಿದಳು. ಹೌದು ಎಂದೆ. ಬಲಗಾಲಿಗೆ ಅಂಗೈ ಅಗಲದ ಒಂದು ‘ಎ’ ಬರೆದಳು. ಮಸಿ ಆರುವ ತನಕ ಕಾಲು ಅಲುಗಿಸದೆ ನಿಂತಿದ್ದೆ.

ಆ ಅಕ್ಷರದ ಅರ್ಥ ಇಷ್ಟೇ: ಈ ಹೆಂಗಸಿನ ತೂಕ 165 ಪೌಂಡ್ ಅಥವಾ ಅದಕ್ಕೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಸುಮಾರು 75 ಕಿಲೋ. ಇಪ್ಪತ್ತು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟ ಸಂಗತಿ, ಆ ದಿನ ನನ್ನ ಹಿಂದೆ ಬರುವ ಪ್ರತಿಯೊಬ್ಬರೂ ಓದುವಂತೆ ಕಾಲ ಮೇಲಿತ್ತು.

ಅದು 2014ರ ಜುಲೈ ಕೊನೆ. ಸ್ಪರ್ಧೆಯ ಹೆಸರು ವೈನ್‌ಮನ್. ಸೊನೋಮಾ ಕೌಂಟಿಯ ದ್ರಾಕ್ಷಿತೋಟಗಳ ನಡುವೆ 1990ರಿಂದ ನಡೆದುಬಂದ ಟ್ರಯಥ್ಲಾನ್. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ, ಎಲ್ಲವೂ ಒಂದೇ ದಿನದಲ್ಲಿ. 1978ರಲ್ಲಿ ಹವಾಯಿಯ ಓಹು ದ್ವೀಪದಲ್ಲಿ 15 ಜನ ಹೊರಟು 12 ಜನ ಮುಗಿಸಿದ ಮೊಟ್ಟಮೊದಲ ಐರನ್‌ಮ್ಯಾನ್‌ನ ದೂರವೂ ಇದೇ.

ಮಂಚದ ಕೆಳಗಿನ ಯಂತ್ರ

ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ ವಯಸ್ಸಿನ ವಿಭಾಗಗಳ ಜೊತೆಗೆ ತೂಕದ ವಿಭಾಗವೂ ಇರುವುದುಂಟು. 220 ಪೌಂಡ್, ಅಂದರೆ ಸುಮಾರು 100 ಕಿಲೋ ದಾಟಿದ ಗಂಡಸರದು ಕ್ಲೈಡ್ಸ್‌ಡೇಲ್ ವಿಭಾಗ. ಸ್ಕಾಟ್ಲೆಂಡಿನಲ್ಲಿ ಭಾರ ಎಳೆಯುವ ಕುದುರೆ ತಳಿಯ ಹೆಸರು ಅದು. ಹೆಂಗಸರ ವಿಭಾಗಕ್ಕೆ ಗ್ರೀಕರ ಯುದ್ಧದೇವತೆ ಅಥೀನಾಳ ಹೆಸರು. ಮೊದಲು ಈ ಮಿತಿ 200 ಮತ್ತು 150 ಪೌಂಡ್ ಇತ್ತು, ಆಮೇಲೆ ಏರಿಸಿದರು.

ನಮ್ಮ ಕಡೆಯ ಕುಸ್ತಿಯಲ್ಲೂ ಬಾಕ್ಸಿಂಗ್‌ನಲ್ಲೂ ತೂಕದ ವಿಭಾಗ ಇದ್ದೇ ಇದೆ. ಅಲ್ಲಿ ಮಿತಿ ಮೇಲ್ಗಡೆ ಇರುತ್ತದೆ, ಅದರೊಳಗೆ ಇಳಿಯಲು ಪೈಲ್ವಾನರು ನೀರು ಬಿಟ್ಟು ಬೆವರು ಹರಿಸುತ್ತಾರೆ. ಇಲ್ಲಿ ಮಿತಿ ಕೆಳಗಡೆ ಇದೆ, ಇಷ್ಟಕ್ಕಿಂತ ಕಡಿಮೆ ಇರಬಾರದು ಅಂತ. ಕೆಲವು ಸ್ಪರ್ಧೆಗಳಲ್ಲಿ ತೂಕ ಹಾಕಿಯೇ ಒಳಗೆ ಬಿಡುತ್ತಾರೆ, ಕೆಲವು ಕಡೆ ನಾವು ಹೇಳಿದ್ದೇ ಪ್ರಮಾಣ. ಸ್ಪರ್ಧೆ ಮುಗಿಸುವ ಗಡುವಿನಲ್ಲಿ ಮಾತ್ರ ಯಾರಿಗೂ ಒಂದು ನಿಮಿಷದ ರಿಯಾಯಿತಿ ಇಲ್ಲ.

ಹಿಂದಿನ ವರ್ಷ ತರಬೇತಿ ಶುರುಮಾಡಿದಾಗ ನಾನು 86 ಕಿಲೋ ಇದ್ದೆ. ಯಾರು ಕೇಳಿದರೂ ಎಪ್ಪತ್ತು ಅನ್ನುತ್ತಿದ್ದೆ. ಸೈಕಲ್ ಅಂಗಡಿಯಲ್ಲೂ ಹಾಗೇ ಹೇಳಿದೆ. ಅವರು ನಂಬಿ ಇಪ್ಪತ್ತೇ ಕಡ್ಡಿಯ ಹಗುರ ಚಕ್ರ ಹಾಕಿಕೊಟ್ಟರು. ಎರಡು ತಿಂಗಳಲ್ಲಿ ಎರಡು ಸಲ ಹಿಂದಿನ ಚಕ್ರದ ಕಡ್ಡಿ ತುಂಡಾಯಿತು. ಎರಡನೇ ಸಲ ಮನೆಯಿಂದ 60 ಕಿ.ಮೀ. ದೂರದ ಒಂಟಿ ರಸ್ತೆಯಲ್ಲಿ ಗಂಡ ಕಾರು ತರುವ ತನಕ ಕಾದು ಕೂತೆ. ವೆಟ್‌ಸೂಟ್‌ನ ಅಳತೆ ನಿರ್ಧಾರವಾಗುವುದು ಎತ್ತರ ಮತ್ತು ತೂಕದ ಮೇಲೆ. ಅಲ್ಲೂ ಸುಳ್ಳು ಬರೆದೆ. ಬಂದ ಸೂಟು ಎದೆಯನ್ನು ಹಗ್ಗದಂತೆ ಬಿಗಿದು, ಸರೋವರದ ನಡುವೆ ಉಸಿರು ಸಿಗದೆ ಕಯಾಕ್ ಹಿಡಿದು ತೇಲಿದೆ.

ಆ ಸಂಜೆ ಮನೆಗೆ ಬಂದು, ಮಂಚದ ಕೆಳಗೆ ತಳ್ಳಿದ್ದ ತೂಕದ ಯಂತ್ರವನ್ನು ಹೊರಗೆಳೆದು ಧೂಳು ಒರೆಸಿದೆ. ನಿಜವಾದ ಅಂಕಿ ಹೇಳಿದ ಮೇಲೆ ಅದೇ ಸೈಕಲ್ ಅಂಗಡಿಯ ಮೆಕ್ಯಾನಿಕ್ 32 ಕಡ್ಡಿಯ ಗಟ್ಟಿ ಚಕ್ರ, 28 ಮಿ.ಮೀ. ಟೈರ್ ಹಾಕಿ, ಎಷ್ಟು ಗಾಳಿ ಹಿಡಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟ. ಆಮೇಲೆ ಒಂದು ಕಡ್ಡಿಯೂ ಮುರಿಯಲಿಲ್ಲ. ನನ್ನ ಮೊದಲ ಪಾಠ ಇದು: ತೂಕ ಮುಚ್ಚಿಟ್ಟರೆ ಅದರ ಮೇಲೆ ನಿಂತಿರುವ ಪ್ರತಿ ಲೆಕ್ಕವೂ ತಪ್ಪುತ್ತದೆ. ಸ್ಪರ್ಧೆಗೆ ಹೆಸರು ಕೊಡುವಾಗ ವಿಭಾಗದ ಕಾಲಂನಲ್ಲಿ ಅಥೀನಾ ಎಂದು ಗುರುತು ಹಾಕಿದ್ದು ಇದಾದ ಮಾರನೇ ವಾರ.

ಮಿತಿಯ ಅಂಚಿನಲ್ಲಿ

ಒಂದು ಪೇಚು ನಾನು ನಿರೀಕ್ಷಿಸಿರಲಿಲ್ಲ. ವಾರಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಮೈದಂಡಿಸಿದರೆ ತೂಕ ಇಳಿಯುತ್ತದೆ. ಜೂನ್ ಹೊತ್ತಿಗೆ 77ಕ್ಕೆ ಬಂದೆ. ಇನ್ನು ಎರಡು ಕಿಲೋ ಇಳಿದರೆ ವಿಭಾಗದಿಂದಲೇ ಹೊರಗೆ. ಜೊತೆಗೆ ಓಡುವವರೊಬ್ಬರು ‘ಸ್ವಲ್ಪ ಜಾಸ್ತಿ ತಿಂದು ಉಳಿಸಿಕೊಳ್ಳಿ, ಬಹುಮಾನ ಸಿಕ್ಕರೂ ಸಿಗಬಹುದು’ ಎಂದರು. ಇತ್ತ ಪ್ರತಿ ಭಾನುವಾರ ಶಿವಮೊಗ್ಗದಿಂದ ಫೋನ್ ಮಾಡುವ ಅಮ್ಮ, ‘ಇನ್ನೊಂದ್ ಸ್ವಲ್ಪ ಇಳಿಸೇ, ಫೋಟೋದಲ್ಲಿ ಮುಖ ಹಾಗೇ ಕಾಣುತ್ತೆ’ ಅನ್ನುತ್ತಿದ್ದರು.

ಎರಡು ರಾತ್ರಿ ಯೋಚಿಸಿದೆ. ವಿಭಾಗಕ್ಕಾಗಿ ತಿನ್ನುವುದೂ ಕನ್ನಡಿಗಾಗಿ ಉಪವಾಸ ಕೂರುವುದೂ ಒಂದೇ ಕಾಯಿಲೆಯ ಎರಡು ರೂಪ ಅನ್ನಿಸಿತು. ಮರುದಿನದ ತರಬೇತಿಗೆ ಎಷ್ಟು ಬೇಕೋ ಅಷ್ಟು ಉಣ್ಣುವುದು, ಅಂಕಿ ಎಲ್ಲಿ ನಿಂತರೆ ಅದು ನನ್ನದು ಎಂದು ತೀರ್ಮಾನಿಸಿದೆ. ಅದು 77ರಲ್ಲೇ ನಿಂತಿತು. 74ಕ್ಕೆ ಇಳಿದಿದ್ದರೆ ವಯಸ್ಸಿನ ವಿಭಾಗದಲ್ಲಿ ಓಡುತ್ತಿದ್ದೆ. ವಿಭಾಗ ಎನ್ನುವುದು ದಾರಿಯ ಛತ್ರ, ಅಲ್ಲೇ ಮನೆ ಕಟ್ಟಬಾರದು.

ಭಾರಕ್ಕೆ ಅದರದೇ ಲೆಕ್ಕ

ಸೈಕಲ್ಲಿನಲ್ಲಿ ತೂಕ ಕಾಡುವುದು ಏರಿನಲ್ಲಿ. ಶೇ 6ರ ಏರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು, 55 ಕಿಲೋದ ಹೆಂಗಸಿಗಿಂತ ನನಗೆ ಸುಮಾರು 36 ವ್ಯಾಟ್ ಹೆಚ್ಚು ಶಕ್ತಿ ಬೇಕು. ಸಮತಟ್ಟಿನಲ್ಲಿ ಅಡ್ಡ ಬರುವುದು ಮುಖ್ಯವಾಗಿ ಗಾಳಿ, ಅಲ್ಲಿ ತೂಕದ ತಂಟೆ ಕಡಿಮೆ. ಇಳಿಜಾರಿನಲ್ಲಂತೂ ಭಾರ ನನ್ನ ಪರ. ಹಾಗಾಗಿ ಏರಿನಲ್ಲಿ ಯಾರು ಹಿಂದಿಕ್ಕಿ ಹೋದರೂ ಹೋಗಲಿ, ಹಗುರ ಗೇರಿನಲ್ಲಿ ಉಸಿರು ಕೆಡದಂತೆ ಹತ್ತುವುದು, ಸಮತಟ್ಟಿನಲ್ಲಿ ಬೆನ್ನು ಬಾಗಿಸಿ ದುಡಿಯುವುದು ಎಂದು ಅಭ್ಯಾಸ ಮಾಡಿದೆ.

ಭಾರದ ಮೈ ಓಡುವಾಗ ಹೆಚ್ಚು ಬಿಸಿ ಹುಟ್ಟಿಸುತ್ತದೆ. ಆ ಬಿಸಿ ಹೊರಹೋಗಲು ಬೇಕಾದ ಚರ್ಮ ಮಾತ್ರ ತೂಕದಷ್ಟೇ ಪ್ರಮಾಣದಲ್ಲಿ ಹೆಚ್ಚಿರುವುದಿಲ್ಲ. ಆದ್ದರಿಂದ ಬೆವರೂ ಜಾಸ್ತಿ. ಎಷ್ಟು ಜಾಸ್ತಿ ಎಂದು ತಿಳಿಯಲು ಅದೇ ತೂಕದ ಯಂತ್ರ ನೆರವಾಯಿತು. ಬಿಸಿಲಲ್ಲಿ ಒಂದು ಗಂಟೆ ಓಡುವ ಮೊದಲು 77.4, ಓಡಿ ಬೆವರು ಒರೆಸಿದ ಮೇಲೆ 76.5. ನಡುವೆ ಕುಡಿದ ನೀರು ಅರ್ಧ ಲೀಟರ್. ಒಟ್ಟು ಸುರಿದದ್ದು 1.4 ಲೀಟರ್. ಓಡುತ್ತಾ ಅಷ್ಟನ್ನೂ ಕುಡಿದರೆ ನನ್ನ ಹೊಟ್ಟೆ ತಡೆಯುತ್ತಿರಲಿಲ್ಲ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಪ್ರಾಣಕ್ಕೇ ಅಪಾಯ. ಉಳಿದ ಉಪಾಯ ಎರಡೇ: ಬೆವರು ಕಡಿಮೆಯಾಗುವಷ್ಟು ವೇಗ ಇಳಿಸುವುದು, ಉಪ್ಪು ಸೇರಿಸಿ ಕುಡಿಯುವುದು.

ಊಟದ ಪಾಠ ಕಲಿತದ್ದು ವಾಂತಿ ಮಾಡಿಕೊಂಡು. ಮೈ ದೊಡ್ಡದು, ಹೆಚ್ಚು ಬೇಕು ಎಂದುಕೊಂಡು ಒಂದು ಉದ್ದ ಸವಾರಿಯಲ್ಲಿ ಗಂಟೆಗೆ 110 ಗ್ರಾಂ ಕಾರ್ಬೋಹೈಡ್ರೇಟ್ ತಿಂದೆ. ನಾಲ್ಕನೇ ಗಂಟೆಗೆ ರಸ್ತೆ ಬದಿಯ ಬೇಲಿ ಹಿಡಿದು ಕಾರಿದೆ. ಕರುಳು ಹೀರಿಕೊಳ್ಳುವ ಶಕ್ತಿ ಮೈತೂಕಕ್ಕೆ ತಕ್ಕಂತೆ ಏರುವುದಿಲ್ಲ. ಗ್ಲೂಕೋಸ್ ಒಂದೇ ಆದರೆ ಗಂಟೆಗೆ ಸುಮಾರು 60 ಗ್ರಾಂ, ಫ್ರಕ್ಟೋಸ್ ಬೆರೆತರೆ ಅಭ್ಯಾಸವಿದ್ದವರಿಗೆ 90ರ ತನಕ. ತೆಳ್ಳಗಿನವರಿಗೂ ನನಗೂ ಅದೇ ಮಿತಿ. ಖರ್ಚು ಜಾಸ್ತಿ, ಆದಾಯ ಅಷ್ಟೇ ಎಂದಾದರೆ ಸಂಸಾರ ಹೇಗೆ ತೂಗಿಸುತ್ತೇವೋ ಹಾಗೇ ಮೈಯನ್ನೂ ತೂಗಿಸಬೇಕು. ಕೊನೆಗೆ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಬೆಲ್ಲದ ಅವಲಕ್ಕಿ ಉಂಡೆ ಮತ್ತು ಜೆಲ್ ಒಗ್ಗಿದವು.

ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬಡಿಯುತ್ತದೆ. ಅದಕ್ಕೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂಬ ತಾಳ ಹಿಡಿದೆ. ಸುಸ್ತಾದ ಮೇಲೆ ನಡೆಯುವುದಲ್ಲ, ಮೊದಲ ಕಿಲೋಮೀಟರಿನಿಂದಲೇ. ಇನ್ನೊಂದು ಮಾತು, ಹೆಂಗಸರು ಪರಸ್ಪರ ಹೇಳಿಕೊಳ್ಳದ್ದು: ತೊಡೆ ಉಜ್ಜಿ ಚರ್ಮ ಕಿತ್ತುಬರುತ್ತದೆ, ಬ್ರಾದ ಹೊಲಿಗೆ ಕೊರೆಯುತ್ತದೆ. ಹೊರಡುವ ಮೊದಲು ಧಾರಾಳವಾಗಿ ವ್ಯಾಸಲೀನ್ ಹಚ್ಚಿಕೊಳ್ಳಿ, ಓಟಕ್ಕೆ ಮುಂಚೆ ಇನ್ನೊಮ್ಮೆ. ನಾಚಿಕೆಯಿಂದ ಇದನ್ನು ಬಿಟ್ಟರೆ ಮೂವತ್ತನೇ ಕಿಲೋಮೀಟರಿನಲ್ಲಿ ಕಣ್ಣೀರು ಬರುತ್ತದೆ.

ಆ ದಿನ

ಈಜು ನನಗೆ ತವರಿನಂತಿತ್ತು. ತೀರ್ಥಹಳ್ಳಿಯ ತುಂಗೆಯಲ್ಲಿ, ಬೇಸಿಗೆ ರಜೆಯಲ್ಲಿ, ಸೋದರಮಾವ ಬಾಳೆದಿಂಡು ಕಟ್ಟಿ ಕಲಿಸಿದ ಈಜು ಅದು. ರಷ್ಯನ್ ನದಿಯಲ್ಲಿ ಬೇಸಿಗೆಗೆ ಸೆಳೆತ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ಕಡೆ ನೀರು ಎಷ್ಟು ಆಳವಿಲ್ಲವೆಂದರೆ ಕೈ ಎಳೆದಾಗ ಬೆರಳಿಗೆ ಮರಳು ಸಿಗುತ್ತಿತ್ತು, ಕೆಲವರು ಎದ್ದು ನಡೆಯುತ್ತಿದ್ದರು. ನಾನು ಈಜಿಯೇ ಬಂದೆ, 1 ಗಂಟೆ 32 ನಿಮಿಷ. ಅಳತೆಗೆ ಸರಿಯಾದ ವೆಟ್‌ಸೂಟ್ ಭುಜವನ್ನು ಎಲ್ಲೂ ಹಿಡಿಯಲಿಲ್ಲ.

ಸೈಕಲ್ ದಾರಿ ಎರಡು ಸುತ್ತು. ಸುತ್ತಿನ ಕೊನೆಯ ಭಾಗದಲ್ಲಿ ಚಾಕ್ ಹಿಲ್ ಎಂಬ ಏರು. ಮೊದಲ ಸಲ ಸುಲಭವಾಗಿ ಹತ್ತಿದೆ. ಎರಡನೇ ಸಲ ಬರುವಾಗ ಸುಮಾರು 160 ಕಿ.ಮೀ. ಆಗಿತ್ತು, ಮಧ್ಯಾಹ್ನದ ಬಿಸಿಲು, ರಸ್ತೆಯಿಂದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಒಬ್ಬರಾದ ಮೇಲೊಬ್ಬರು ನನ್ನನ್ನು ದಾಟಿದರು. ದಾಟುವಾಗ ಒಬ್ಬ ಗಂಡಸು ‘ಶಾಭಾಸ್ ಅಥೀನಾ’ ಎಂದು ಹೋದ. ಅವನ ಮೀನಖಂಡದ ಮೇಲೆ ‘ಸಿ’ ಇತ್ತು, ಕ್ಲೈಡ್ಸ್‌ಡೇಲ್. ಹಾಗೆ ಕರೆಸಿಕೊಂಡಾಗ ಹೆಮ್ಮೆಯಾಯಿತು. ಕನ್ನಡದಲ್ಲಿ ತೂಕದ ಮಾತು, ತೂಕದ ಮನುಷ್ಯ ಅಂದರೆ ಗೌರವ. ಹೆಣ್ಣಿನ ಮೈಗೆ ಮಾತ್ರ ಆ ಗೌರವ ಏಕೋ ದಕ್ಕಿಲ್ಲ. ಆ ಏರಿನಲ್ಲಿ ಒಂದು ಕ್ಷಣ ದಕ್ಕಿತು.

ಓಟ ಶುರುವಾದಾಗ ನಾಲ್ಕು ಗಂಟೆ. ವಿಂಡ್ಸರ್ ಹೈಸ್ಕೂಲಿನಿಂದ ಹೋಗಿ ಬರುವ ಮೂರು ಸುತ್ತು. ಎರಡನೇ ಸುತ್ತಿನಲ್ಲಿ ಹೊಟ್ಟೆ ತೊಳಸತೊಡಗಿತು, ನಾಲ್ಕು ನಿಮಿಷದ ಓಟ ಎರಡಕ್ಕೆ ಇಳಿಯಿತು. ಆಗ ಮುಂದೆ ಒಂದು ‘ಎ’ ಕಂಡಿತು. ಐವತ್ತು ದಾಟಿದ ಹೆಂಗಸು, ನನಗಿಂತ ದಪ್ಪ, ಹೆಜ್ಜೆ ಗಡಿಯಾರದಷ್ಟು ಸಮ. ಸುಮಾರು ಒಂದು ಕಿಲೋಮೀಟರ್ ಆ ಅಕ್ಷರ ಬಿಟ್ಟು ಬೇರೇನೂ ನೋಡದೆ ಹಿಂಬಾಲಿಸಿದೆ. ಅವರು ತಿರುಗಿ, ‘ಎಷ್ಟನೇ ಸುತ್ತು?’ ಎಂದರು.

‘ಎರಡನೆಯದು.’

‘ನನ್ನದೂ ಅದೇ. ಏರಿನಲ್ಲಿ ನಡೆಯೋಣ, ಇಳಿಯುವಾಗ ಓಡೋಣ. ಬನ್ನಿ.’

ಎರಡನೇ ಸುತ್ತು ಮುಗಿಯುವ ತನಕ ಒಟ್ಟಿಗಿದ್ದೆವು. ಮೂರನೆಯದರಲ್ಲಿ, ಹೊತ್ತು ಮುಳುಗಿದ ಮೇಲೆ, ಅವರು ಮೆಲ್ಲಗೆ ಮುಂದೆ ಸರಿದರು. ನಾನು ಬೆನ್ನು ಬಿಡದೆ ಓಡಿದೆ, ಹಿಡಿಯಲಾಗಲಿಲ್ಲ. 15 ಗಂಟೆ 29 ನಿಮಿಷಕ್ಕೆ ಗೆರೆ ದಾಟಿದೆ. ಅವರು ಒಂಬತ್ತು ನಿಮಿಷ ಮುಂಚೆ ಬಂದು, ಕೊರಳಲ್ಲಿ ಪದಕ ಹಾಕಿಕೊಂಡು, ನನಗಾಗಿ ಕಾಯುತ್ತಾ ನಿಂತಿದ್ದರು.

ತೂಕದ ವಿಭಾಗ ದಯೆ ತೋರಿಸಲು ಇರುವುದಲ್ಲ ಎಂದು ಅರ್ಥವಾದದ್ದು ಆಗ. ನಮ್ಮ ವಿಭಾಗದಲ್ಲಿ ಬೆರಳೆಣಿಕೆಯ ಹೆಂಗಸರಿದ್ದೆವು. ಐವತ್ತೈದು ಕಿಲೋದವರ ಜೊತೆ ನನಗೆ ಪೈಪೋಟಿಯೇ ಇರುತ್ತಿರಲಿಲ್ಲ, ಮುಗಿಸಿದರೆ ಸಾಕು ಎಂದು ಓಡುತ್ತಿದ್ದೆ. ಇವರು ಇದ್ದುದರಿಂದ ಕೊನೆಯ ಹದಿನಾಲ್ಕು ಕಿಲೋಮೀಟರ್ ನಾನು ನಿಜವಾಗಿ ಸ್ಪರ್ಧಿಸಿದೆ.

ಆಗಸ್ಟ್ ಕೊನೆಗೆ ಗೌರಿ ಹಬ್ಬಕ್ಕೆಂದು ಶಿವಮೊಗ್ಗಕ್ಕೆ ಹೋದೆ. ಅಭ್ಯಂಜನಕ್ಕೆ ಮಣೆಯ ಮೇಲೆ ಕೂರಿಸಿ ಅಮ್ಮ ಎಣ್ಣೆ ಹಚ್ಚುತ್ತಿದ್ದರು. ಮಸಿ ಯಾವತ್ತೋ ಹೋಗಿತ್ತು. ಆದರೆ ಮಸಿ ಇದ್ದ ಜಾಗಕ್ಕೆ ಬಿಸಿಲು ತಾಗದೆ, ಸುತ್ತ ಕಪ್ಪಾದ ಚರ್ಮದ ನಡುವೆ ‘ಎ’ ತಿಳಿಯಾಗಿ ಉಳಿದುಕೊಂಡಿತ್ತು. ಅಮ್ಮ ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

‘ಇದೇನೇ ಗುರುತು?’

‘ನನ್ನ ತೂಕ ಕಣಮ್ಮ’ ಎಂದು, 77 ಎಂಬ ಅಂಕಿಯನ್ನೂ ಸೇರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಸುಮ್ಮನೆ ಕೇಳಿಸಿಕೊಂಡರು. ಇನ್ನಷ್ಟು ಎಣ್ಣೆ ಸುರಿದುಕೊಂಡು ಆ ಮೀನಖಂಡವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗೆ ನೀವಿದರು.

‘ಗಟ್ಟಿಯಾಗಿದೆ ಕಣೇ ಕಾಲು’ ಎಂದರು.