ಓಡುವ ವಾಹನದ ಹೊಗೆಯನ್ನು ರಸ್ತೆಬದಿಯಲ್ಲಿಯೇ ಅಳೆಯುವ ಬಗೆ

ಹೊಗೆಯುಗುಳುವ ಲಾರಿಗಳ ಕುರಿತು ಗ್ರಾಮಸಭೆಯಲ್ಲಿ ದೂರು ಬಂದಾಗ, ‘ತಪಾಸಣಾ ಪ್ರಮಾಣಪತ್ರವಿದೆ’ ಎಂಬ ಉತ್ತರ ದೊರೆಯುವುದುಂಟು. ಉತ್ತರ ಸುಳ್ಳಲ್ಲ, ಪೂರ್ಣವೂ ಅಲ್ಲ. ತಪಾಸಣಾ ಕೇಂದ್ರದಲ್ಲಿ ವಾಹನ ನಿಂತಿರುತ್ತದೆ. ಡೀಸೆಲ್ ವಾಹನವಾದರೆ ಹೊಗೆಯ ಸಾಂದ್ರತೆಯನ್ನಷ್ಟೇ ನೋಡಲಾಗುತ್ತದೆ. ಅದೇ ಎಂಜಿನ್ ಭಾರ ಹೊತ್ತು ಏರು ಹತ್ತುವಾಗ ಏನನ್ನು ಹೊರಬಿಡುತ್ತದೆ, ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳೆಷ್ಟು ಎಂಬುದು ಆ ಚೀಟಿಯಲ್ಲಿರುವುದಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಉಪಕರಣವೊಂದನ್ನು 1980ರ ದಶಕದಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಸ್ಟೆಡ್‌ಮನ್ ಮತ್ತು ಸಂಗಡಿಗರು ರೂಪಿಸಿದರು. ಹೊಗೆಕೊಳವೆಯ ಎತ್ತರದಲ್ಲಿ ರಸ್ತೆಗೆ ಅಡ್ಡಲಾಗಿ ಅವಗೆಂಪು ಮತ್ತು ನೇರಳಾತೀತ ಕಿರಣಗಳನ್ನು ಹಾಯಿಸಲಾಗುತ್ತದೆ. ವಾಹನ ದಾಟಿದೊಡನೆ ಅದರ ಹಿಂದಿನ ಹೊಗೆಯಲ್ಲಿರುವ ಒಂದೊಂದು ಅನಿಲವೂ ತನ್ನದೇ ಬಣ್ಣದ ಬೆಳಕನ್ನು ಹೀರುತ್ತದೆ. ಅರ್ಧ ಸೆಕೆಂಡಿನಲ್ಲಿ ಅಳತೆ ಮುಗಿಯುತ್ತದೆ. ಜೊತೆಗೆ ವೇಗವೂ, ನೋಂದಣಿ ಸಂಖ್ಯೆಯ ಚಿತ್ರವೂ ದಾಖಲಾಗುತ್ತವೆ.

ಗಾಳಿ ಬೀಸಿ ಹೊಗೆ ತೆಳುವಾದರೆ ಲೆಕ್ಕ ತಪ್ಪದೇ? ತಪ್ಪದು. ಪಾನಕಕ್ಕೆ ಎಷ್ಟು ನೀರು ಬೆರೆಸಿದರೂ ಅದರೊಳಗಿನ ಬೆಲ್ಲ ಮತ್ತು ನಿಂಬೆರಸದ ಅನುಪಾತ ಬದಲಾಗದಷ್ಟೆ. ಹಾಗೆಯೇ ಯಂತ್ರವು ಇಂಗಾಲದ ಮಾನಾಕ್ಸೈಡನ್ನು ಇಂಗಾಲದ ಡೈಆಕ್ಸೈಡಿಗೆ ಹೋಲಿಸಿ ನೋಡುತ್ತದೆ. ಮೊದಲನೆಯದರ ಪಾಲು ಹೆಚ್ಚಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದರ್ಥ. ಡೆನ್ವರಿನ ಆರಂಭದ ಅಳತೆಗಳಲ್ಲಿ ಮಾನಾಕ್ಸೈಡಿನ ಸುಮಾರು ಅರ್ಧ ಭಾಗ ಹತ್ತರಲ್ಲೊಂದು ವಾಹನದಿಂದಲೇ ಬರುತ್ತಿದ್ದುದು ತಿಳಿಯಿತು. ಎಲ್ಲರನ್ನೂ ಕಾಡುವ ಬದಲು ಆ ಕೆಲವನ್ನು ಹುಡುಕುವುದೇ ಈ ವಿಧಾನದ ಪ್ರಯೋಜನ. ದೆಹಲಿ ಮತ್ತು ಗುರುಗ್ರಾಮದಲ್ಲಿ ಇದೇ ರೀತಿ ಲಕ್ಷಕ್ಕೂ ಮಿಕ್ಕಿ ಅಳತೆಗಳನ್ನು ಮಾಡಿ 2024ರಲ್ಲಿ ಪ್ರಕಟಿಸಿದಾಗ, ಶುದ್ಧವೆಂದು ನಂಬಿದ್ದ ಸಿಎನ್‌ಜಿ ವಾಹನಗಳಿಂದಲೂ ಸಾರಜನಕದ ಆಕ್ಸೈಡುಗಳು ಅಧಿಕವಾಗಿ ಹೊರಬರುತ್ತಿದ್ದುದು ಕಂಡುಬಂದಿತು.

ಆದರೆ ಒಂದು ಅಳತೆ ಅಪರಾಧದ ಸಾಕ್ಷ್ಯವಲ್ಲ. ಎಂಜಿನ್ ಇನ್ನೂ ತಣ್ಣಗಿದ್ದರೆ, ಚಾಲಕ ಅದೇ ಕ್ಷಣ ಗೇರ್ ಬದಲಿಸಿದರೆ ಒಳ್ಳೆಯ ವಾಹನವೂ ಕೆಟ್ಟದಾಗಿ ತೋರೀತು. ಬಾಡಿಗೆ ಗಾಡಿಯನ್ನೇ ನಂಬಿದ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ. 2014ರ ಸೆಪ್ಟೆಂಬರಿನಿಂದ ಇದನ್ನು ಜಾರಿಯಲ್ಲಿಟ್ಟಿರುವ ಹಾಂಗ್‌ಕಾಂಗ್‌ನಲ್ಲಿಯೂ ನೇರವಾಗಿ ದಂಡ ವಿಧಿಸುವುದಿಲ್ಲ. ಮಾಲೀಕನಿಗೆ ನೋಟಿಸು ಹೋಗುತ್ತದೆ. 12 ಕೆಲಸದ ದಿನಗಳೊಳಗೆ ದುರಸ್ತಿ ಮಾಡಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ಕ್ರಮ ನನಗೆ ನ್ಯಾಯವೆನಿಸುತ್ತದೆ. ಇನ್ನೊಂದು ಮಿತಿಯೂ ಉಂಟು: ನಮ್ಮ ಟ್ರ್ಯಾಕ್ಟರುಗಳ ಹೊಗೆಕೊಳವೆ ಮೇಲ್ಮುಖವಾಗಿರುವುದರಿಂದ ಕೆಳಗೆ ಹಾಯುವ ಕಿರಣಕ್ಕೆ ಅವು ಸಿಗುವುದಿಲ್ಲ.

ವಾಹನ ತಡೆಯುವ, ಹೊಗೆಗಾಗಿ ದಂಡ ಹಾಕುವ ಅಧಿಕಾರ ಗ್ರಾಮ ಪಂಚಾಯಿತಿಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 116ರಂತೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಅಥವಾ ಮೋಟಾರು ವಾಹನ ನಿರೀಕ್ಷಕರು ಪರೀಕ್ಷೆಗೆ ಆದೇಶಿಸಬಹುದು. ಆದ್ದರಿಂದ ದೂರು ಸಲ್ಲಿಸುವಾಗ ವಾಹನದ ಸಂಖ್ಯೆ, ಸ್ಥಳ, ಸಮಯ, ಭಾರವಿತ್ತೇ ಎಂಬಿಷ್ಟನ್ನು ಬರೆದುಕೊಡಿ. ಉಪಕರಣವಿಡಲು ಜಾಗ ತೋರಿಸುವ ಸಂದರ್ಭ ಬಂದರೆ, ವಾಹನಗಳು ಒಂದೊಂದಾಗಿ ಸಾಗುವ ಸಣ್ಣ ಏರು ಸೂಕ್ತ. ಅಲ್ಲಿ ಎಂಜಿನ್ ನಿಜವಾಗಿ ದುಡಿಯುತ್ತಿರುತ್ತದೆ.

ಮೊದಲು ಪಂಚಾಯಿತಿಯ ಸ್ವಂತ ಡೀಸೆಲ್ ವಾಹನಗಳ ಪ್ರಮಾಣಪತ್ರ ನೋಡಿಕೊಳ್ಳಿ. ಲಾರಿಗಳ ಪಟ್ಟಿ ಮಾಡಲು ಕುಳಿತ ದಿನ ನಮ್ಮದೇ ಕಸದ ವಾಹನದ ಪತ್ರದ ಅವಧಿ ಮುಗಿದಿತ್ತು. ಬಿಎಸ್-4 ಹಾಗೂ ನಂತರದ ವಾಹನಗಳಿಗೆ ಅದರ ಅವಧಿ ಒಂದು ವರ್ಷ, ಹಳೆಯವಕ್ಕೆ ಆರು ತಿಂಗಳು.