ಕ್ರೀಡಾ ವರದಿಗಾರಿಕೆ ಓದಲು ವಿದೇಶಕ್ಕೆ ಹೋಗುವ ಮುನ್ನ

"ಸರ್, ಕ್ರಿಕೆಟ್ ಬಗ್ಗೆ ಬರಿಯೋದನ್ನ ಕಲಿಸೋ ಕೋರ್ಸ್ ಲಂಡನ್‌ದಾಗ ಐತಂತ, ಖರೇನ್ರಿ?" ದ್ವಿತೀಯ ಪಿಯುಸಿಯ ಕೆಲವರು ಈ ವರ್ಷ ನನ್ನನ್ನು ಕೇಳಿದ ಪ್ರಶ್ನೆ ಇದು. ಖರೆ. ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿರುವ ಸೇಂಟ್ ಮೇರೀಸ್ ವಿಶ್ವವಿದ್ಯಾಲಯ ಕ್ರೀಡಾ ಪತ್ರಿಕೋದ್ಯಮದಲ್ಲಿ ಎಂ.ಎ. ನಡೆಸಿಕೊಂಡು ಬಂದಿದೆ. ಬ್ರಿಟನ್ನಿನ ಬೇರೆ ಊರುಗಳಲ್ಲೂ ಇಂಥ ಕೋರ್ಸ್‌ಗಳಿವೆ.

ಆದರೆ ಮೊದಲು ವೀಸಾ ನಿಯಮ ಓದಿರಿ. ಶುಲ್ಕದ ಜೊತೆಗೆ ಒಂಬತ್ತು ತಿಂಗಳ ಜೀವನ ಖರ್ಚಿನ ಹಣ ಸತತ 28 ದಿನ ಬ್ಯಾಂಕ್ ಖಾತೆಯಲ್ಲಿ ಇದ್ದುದನ್ನು ತೋರಿಸಬೇಕು. ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಸ್ವಂತ ಉದ್ಯೋಗ ಮಾತ್ರ ಮಾಡುವಂತಿಲ್ಲ. ಅಂದರೆ ಅಂಗಡಿಯಲ್ಲಿ ಸಂಬಳಕ್ಕೆ ನಿಲ್ಲಬಹುದು. ಲೇಖನಕ್ಕೆ ಇಷ್ಟು ಎಂದು ಹಣ ಪಡೆದು ಪತ್ರಿಕೆಗಳಿಗೆ ಫ್ರೀಲಾನ್ಸ್ ಬರೆಯುವಂತಿಲ್ಲ. ಕ್ರೀಡಾ ವರದಿಗಾರರಲ್ಲಿ ಅನೇಕರು ಕಾಲೂರುವುದೇ ಆ ದಾರಿಯಲ್ಲಿ! ಏಜೆಂಟರ ಕರಪತ್ರದಲ್ಲಿ ಈ ಸಾಲನ್ನು ನಾನಿನ್ನೂ ನೋಡಿಲ್ಲ. ಓದು ಮುಗಿದ ಮೇಲೆ ಪದವೀಧರ ವೀಸಾ ಪಡೆದರೆ ಫ್ರೀಲಾನ್ಸ್ ಬರೆಯಬಹುದು. ಎಂ.ಎ. ಮುಗಿಸಿ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದರ ಅವಧಿ ಎರಡು ವರ್ಷವಲ್ಲ, 18 ತಿಂಗಳು. ಅಷ್ಟರಲ್ಲಿ ಸಾಲ ತೀರುತ್ತದೆಯೇ? ಗದ್ದೆ ಅಡವಿಡುವ ಮೊದಲು ಮನೆಯವರ ಜೊತೆ ಕುಳಿತು ಲೆಕ್ಕ ಹಾಕಿರಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲ ಯೋಜನೆಯಿದೆ. ಆಯಾ ವರ್ಷದ ಷರತ್ತುಗಳನ್ನು ನಿಗಮದ ಕಚೇರಿಯಲ್ಲೇ ಕೇಳಿರಿ.

ಧಾರವಾಡ ಅಥವಾ ಬಳ್ಳಾರಿಯಲ್ಲಿ ಪತ್ರಿಕೋದ್ಯಮ ಓದಿ, ಒಂದೆರಡು ವರ್ಷ ಕನ್ನಡ ಪತ್ರಿಕೆಯಲ್ಲಿ ದುಡಿದು, ಆಮೇಲೆ ಹೊರಡುವುದು ಲೇಸೆಂದು ನನ್ನ ಅಭಿಪ್ರಾಯ. ಅಲ್ಲಿ ಕಲಿಸುವುದು ಕೊನೆಯ ಸೀಟಿಯ ಹೊತ್ತಿಗೆ ವರದಿ ಸಿದ್ಧವಿರುವಂತೆ ಬರೆಯುವುದು, ಸಂದರ್ಶನ, ಮಾನನಷ್ಟ ಕಾನೂನು, ವಿಡಿಯೊ ಕೆಲಸ. ಕೈ ಪಳಗಿದವರಿಗೆ ಇದು ಬೇಗ ಹತ್ತುತ್ತದೆ.

ಟಿ.ವಿ. ಇರುವಾಗ ಬರವಣಿಗೆ ಯಾಕೆ ಎನ್ನುವವರಿಗೆ ಒಂದು ಉದಾಹರಣೆ. 1983ರ ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್, ವಿಶ್ವಕಪ್. ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಔಟಾಗದೆ 175 ಹೊಡೆದರು. ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ ಔಟಾಗದೆ 24 ರನ್ ಗಳಿಸಿ ಇನ್ನೊಂದು ತುದಿ ಕಾದರು; ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್ ಸೇರಿತು. ಭಾರತ 31 ರನ್‌ಗಳಿಂದ ಗೆದ್ದಿತು. ಆ ಆಟದ ಟಿ.ವಿ. ದೃಶ್ಯ ಉಳಿದಿಲ್ಲ. ಮೈದಾನದಲ್ಲಿದ್ದವರು ಬರೆದಿಟ್ಟದ್ದು, ಹೇಳಿದ್ದು, ಸ್ಕೋರ್ ಪುಸ್ತಕ, ಕೆಲವು ಫೋಟೊ ಇವೇ ನಮಗಿರುವ ಆಧಾರ.

ಯಲಬುರ್ಗಾ, ಕುಷ್ಟಗಿಯಲ್ಲಿ ನಡೆಯುವ ಖೋ-ಖೋ, ಕಬಡ್ಡಿ ಪಂದ್ಯಗಳಿಗೂ ಕ್ಯಾಮೆರಾ ಬರುವುದಿಲ್ಲ. ಈ ಬಾರಿ ತಾಲ್ಲೂಕು ಮಟ್ಟದ ಪದವಿಪೂರ್ವ ಕ್ರೀಡಾಕೂಟಕ್ಕೆ ಹೋಗುವವರು ಒಂದು ಪಂದ್ಯ ಆರಿಸಿಕೊಂಡು, ಮುಗಿದ ಇಪ್ಪತ್ತು ನಿಮಿಷದೊಳಗೆ 120 ಪದಗಳಲ್ಲಿ ವರದಿ ಬರೆಯಿರಿ. ಮೊದಲ ವಾಕ್ಯದಲ್ಲೇ ಯಾರು ಗೆದ್ದರು, ಎಷ್ಟು ಅಂಕದಿಂದ ಎಂಬುದಿರಲಿ. ಎರಡನೆಯದರಲ್ಲಿ ಪಂದ್ಯ ತಿರುಗಿದ ಗಳಿಗೆ. "ರೋಚಕ", "ಭರ್ಜರಿ" ಬೇಡ. ಸೋತ ತಂಡದವರನ್ನೂ ಮಾತಾಡಿಸಿರಿ. ಆಟಗಾರರ ಹೆಸರನ್ನು ಅವರಿಂದಲೇ ಪಟ್ಟಿಯಲ್ಲಿ ಬರೆಸಿಕೊಳ್ಳಿರಿ. ಮರುದಿನ ಸ್ಟಾಫ್ ರೂಮಿಗೆ ತಂದರೆ ಕೆಂಪು ಪೆನ್ನು ಹಿಡಿದು ಕೂರುತ್ತೇನೆ.