ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ

1ನ್ನೂ ತನ್ನನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಪೂರ್ಣಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. 7, 11, 13 ಇಂಥವು. ಇವು ಅವಿಭಾಜ್ಯಗಳೆಂಬುದು ನೋಡಿದೊಡನೆಯೇ ತಿಳಿಯುತ್ತದೆ. ಆದರೆ 2,14,74,83,647 ಅವಿಭಾಜ್ಯವೇ?

ಈ ಸಂಖ್ಯೆ 2³¹ − 1ಕ್ಕೆ ಸಮ. ಇದರ ವರ್ಗಮೂಲವು 46,340ಕ್ಕಿಂತ ತುಸು ಹೆಚ್ಚು. ವಿಭಾಜ್ಯ ಸಂಖ್ಯೆಗೆ ತನ್ನ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇದ್ದೇ ಇರಬೇಕು. ಆದುದರಿಂದ 46,340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವು ನಾಲ್ಕು ಸಾವಿರಕ್ಕೂ ಹೆಚ್ಚಾಗಿವೆ!

1644ರಲ್ಲಿ ಫ್ರಾನ್ಸಿನ ಮರ್ಸೆನ್ ಎಂಬ ಸಂನ್ಯಾಸಿಯು 2³¹ − 1 ಅವಿಭಾಜ್ಯವೆಂದು ಸಾರಿದನು. 2⁶⁷ − 1 ಕೂಡ ಹಾಗೆಯೇ ಎಂದನು. ಆತನು ಸಾಧನೆಯನ್ನು ಕೊಡಲಿಲ್ಲ. ಎರಡನೆಯ ಮಾತು ಸುಳ್ಳೆಂದು ಮುಂದೆ ತಿಳಿದುಬಂದಿತು. ಗಣಿತದಲ್ಲಿ ಹೇಳಿದವರ ಹಿರಿಮೆಯು ಪ್ರಮಾಣವಾಗಲಾರದು. ಮೊದಲನೆಯ ಮಾತನ್ನು 1772ರಲ್ಲಿ ಸಾಧಿಸಿ ತೋರಿಸಿದವನು ಆಯ್ಲರ್. ಆ ವೇಳೆಗಾಗಲೇ ಆತನು ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದನು.

ಆತನ ಮಾರ್ಗವನ್ನು ಚಿಕ್ಕ ಉದಾಹರಣೆಯೊಂದರಿಂದ ತಿಳಿಯೋಣ. 2¹³ − 1 = 8,191. ಇದರ ಅವಿಭಾಜ್ಯ ಭಾಜಕವೊಂದು ‘ಭ’ ಎಂದಿರಲಿ. 2¹³ನ್ನು ಭದಿಂದ ಭಾಗಿಸಿದರೆ ಶೇಷ 1. ಫರ್ಮಾನ ಪ್ರಮೇಯದಂತೆ, 2ರ (ಭ − 1)ನೆಯ ಘಾತವನ್ನು ಭಾಗಿಸಿದರೂ ಶೇಷ 1. ಹೀಗೆ ಶೇಷ 1ನ್ನು ಕೊಡುವ ಘಾತಾಂಕಗಳೆಲ್ಲವೂ ಅವುಗಳಲ್ಲಿ ಕನಿಷ್ಠವಾದುದರ ಅಪವರ್ತ್ಯಗಳು. 13 ಅವಿಭಾಜ್ಯವಾದುದರಿಂದ ಆ ಕನಿಷ್ಠ ಘಾತಾಂಕವು 1 ಅಥವಾ 13 ಆಗಿರಬೇಕು. 1 ಆಗುವುದು ಅಸಾಧ್ಯ. ಆದಕಾರಣ 13, ಭ − 1ನ್ನು ಭಾಗಿಸುತ್ತದೆ. ಭ ಬೆಸಸಂಖ್ಯೆಯಾದ್ದರಿಂದ 26 ಕೂಡ ಭಾಗಿಸುತ್ತದೆ. ಇದಲ್ಲದೆ, ಇಂಥ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಆಗಲೇಬೇಕೆಂದು ಇನ್ನೊಂದು ಪ್ರಮೇಯವು ಹೇಳುತ್ತದೆ.

8,191ರ ವರ್ಗಮೂಲ 90ಕ್ಕಿಂತ ತುಸು ಹೆಚ್ಚು. ಆ ಮಿತಿಯೊಳಗೆ ಮೊದಲ ನಿಯಮಕ್ಕೆ ಒಪ್ಪುವ ಸಂಖ್ಯೆಗಳು 27, 53, 79. ಎರಡನೆಯದಕ್ಕೂ ಒಪ್ಪುವುದು 79 ಮಾತ್ರ. 79ರಿಂದ ಭಾಗಿಸಿದರೆ ಶೇಷ 54. ಆದುದರಿಂದ 8,191 ಅವಿಭಾಜ್ಯ! ಸಾಮಾನ್ಯ ಕ್ರಮದಲ್ಲಿ 24 ಬಾರಿ ಭಾಗಿಸಬೇಕಾಗಿದ್ದಲ್ಲಿ ಒಂದೇ ಭಾಗಾಕಾರ ಸಾಕಾಯಿತು.

2³¹ − 1ಕ್ಕೂ ಇದೇ ವಾದವನ್ನು ಅನ್ವಯಿಸಬಹುದು. ಅದರ ಭಾಜಕವನ್ನು 248ರಿಂದ ಭಾಗಿಸಿದರೆ ಶೇಷ 1 ಅಥವಾ 63 ಆಗಬೇಕು. ಮಿತಿಯೊಳಗೆ ಅಂಥ ಸಂಖ್ಯೆಗಳು, 1 ಮತ್ತು 63ನ್ನು ಬಿಟ್ಟರೆ, 372 ಮಾತ್ರ. ಅವುಗಳಲ್ಲಿಯೂ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು. ಯಾವುದೂ ನಿಶ್ಶೇಷವಾಗಿ ಭಾಗಿಸದು.

2024ರಲ್ಲಿ ಗಣಕಯಂತ್ರಗಳ ನೆರವಿನಿಂದ ದೊರೆತ ಇದೇ ರೂಪದ ಅವಿಭಾಜ್ಯವೊಂದರಲ್ಲಿ 4,10,24,320 ಅಂಕಿಗಳಿವೆ. ಅದರ ನಿರ್ಣಯಕ್ಕೆ ಬಳಸಿದ ಪರೀಕ್ಷೆಗಳು ಬೇರೆ. ಆದರೂ ಭಾಗಾಕಾರಕ್ಕೆ ಕೈಹಾಕುವ ಮೊದಲು ಸಂಖ್ಯೆಯ ಸ್ವಭಾವವನ್ನು ಅರಿಯಬೇಕೆಂಬ ಆಯ್ಲರನ ಪಾಠ ಇಂದಿಗೂ ಹಳತಾಗಿಲ್ಲ. ವಿದ್ಯಾರ್ಥಿಗಳು 2¹¹ − 1ನ್ನು ತಾವೇ ಪರೀಕ್ಷಿಸಿ ನೋಡಲಿ. ಅಲ್ಲಿ ಮೊದಲ ಭಾಗಾಕಾರದಲ್ಲಿಯೇ ಬೇರೆ ಫಲ ದೊರೆಯುವುದು.